ಗಾಡಿ ಬಂದ್ರ ಕೈ ಎತ್ತು

ಮಂಗಳವಾರ ವಾಡಿಯೊಳಗ ಯಾರೂ ಗಡ್ಡ ಮಾಡಿಸೂದಿಲ್ಲ.
ಶಟರ್ ಅರ್ಧ ಇಳಿಸಿ ಚಂದಾಸಾಬ್
ತನ್ನ ಕುರ್ಚಿಗೆ ತಾನೇ ಗಿರಾಕಿ ಆಗಿ ಕೂಡತಿದ್ದ,
ಕೊರಳಿಗೆ ಬಿಳೇ ಬಟ್ಟಿ ತಾನೇ ಕಟ್ಟಿಕೊಂಡು.
ಆದ್ರ ಅದು ಆಮ್ಯಾಲ. ಮೊದಲ ಆರು ತಿಂಗಳು
ನನ್ನ ಕೈಗೆ ಮುಖ ಇಲ್ಲ, ಬರೇ ಪಟ್ಟಾ.

ಮೊಳಿಗೆ ತೂಗಬಿಟ್ಟ ಎಮ್ಮಿ ತೊಗಲು,
ಬಾಯಿ ಹೋದ ಹಳೇ ಉಸ್ತರಾ.
"ಬೆನ್ನು ಮುಂದ, ಬಾಯಿ ಹಿಂದ.
ತುದಿ ಮುಟ್ಟಿದ ಮ್ಯಾಲ ಬೆನ್ನಿನ ಮ್ಯಾಗೇ ಹೊರಳಬೇಕು.
ಬಾಯಿ ಮ್ಯಾಗ ಹೊರಳಿದ್ರ ಪಟ್ಟಾನೂ ಹೋಯ್ತು, ಉಸ್ತರಾನೂ ಹೋಯ್ತು,
ನೀನೂ ಹೋದಿ ಸಾಯಬ್ಯಾ, ಸಿಮೆಂಟ್ ಚೀಲ ಹೊರಲಿಕ್ಕೆ."
ನಿದ್ದಿಯೊಳಗೂ ನನ್ನ ಮಣಿಕಟ್ಟು ಹೊರಳತಿತ್ತು.
ಅವ್ವ ಕೌದಿ ಜಗ್ಗಿ ಕೇಳತಿದ್ದಳು,
"ಏನು ತಿಕ್ಕಲಿಕತ್ತಿದಿ, ನಡುರಾತ್ರಿ?"

ಆಮ್ಯಾಲ ಫುಗ್ಗಾ.
ಟೇಶನ್ ಮುಂದಿನ ಅಂಗಡಿಯಿಂದ ಒಂದು ಡಜನ್,
ಊದಿ, ಗಂಟು ಹಾಕಿ, ನೊರಿ ಹಚ್ಚಿ,
ನೊರಿ ಅಷ್ಟೇ ತೆಗೀಬೇಕು, ಉಸಿರು ತೆಗೀಬಾರದು.
ಒಂಬತ್ತನೇದು ಒಡದಾಗ ಸಾಬೂನು ಹಾರಿ
ದರದ ಹಲಗಿ ಮ್ಯಾಗ ಬಿದ್ದು
ಎಂಟು ರೂಪಾಯಿಯೊಳಗಿನ ಎಂಟು ನುಂಗಿತು.
ಕುಂತಿದ್ದ ಗಿರಾಕಿ ಕೇಳಿದ, "ಇವತ್ತು ಬಿಟ್ಟಿ ಏನ್ರಿ?"

ವಾಡಿ ಗಡ್ಡ ಬ್ಯಾರೆ ಗಡ್ಡ.
ಫ್ಯಾಕ್ಟ್ರಿ ಪಾಳಿ ಮುಗಿಸಿ ಬಂದವರ ಗಲ್ಲದ ಮ್ಯಾಗ
ಸಿಮೆಂಟ್ ಕುಂತಿರತದ. ಹಸಿ ಮಾಡಿ ಬಿಟ್ರ ಗಟ್ಟಿ ಆಗತದ,
ಉಸ್ತರಾದ ಬಾಯಿ ತಿಂತದ.
ಅದಕ್ಕ ಮೊದಲು ಒಣ ಅರಿವಿ,
ಆಮ್ಯಾಲ ಬಿಸಿ ನೀರು, ಮತ್ತ ಬಿಸಿ ನೀರು.
"ಕೂದಲು ಮೆತ್ತಗಾಗೂ ತನಕ ಮಾತಾಡು.
ಓವರ್‌ಟೈಮ್ ಬಂತೋ ಕೇಳು, ಮಗಳ ಲಗ್ನ ಕೇಳು.
ಏನೂ ಹೊಳೀಲಿಲ್ಲಂದ್ರ ಸುಳ್ಳು ಹೇಳು."

ಮತ್ತ ಗಾಡಿ.
ಅಂಗಡಿ ಹಳಿಗೆ ಹತ್ತಿದಂಗ. ಗೂಡ್ಸ್ ಬಂದ್ರ
ಮೊದಲು ಬಟ್ಟಲದಾಗಿನ ನೀರು ನಡುಗತದ,
ಆಮ್ಯಾಲ ಕನ್ನಡಿ, ಕಡೀಗೆ ಕುರ್ಚಿ.
"ನೀರು ನೋಡು. ನೀರಿಗೆ ನಮಗಿಂತ ಮೊದಲು ತಿಳೀತದ.
ಗಾಡಿ ಬಂದ್ರ ಕೈ ಎತ್ತು."
ಐವತ್ತೆಂಟು ಡಬ್ಬಿ ದಾಟೂ ತನಕ
ಉಸ್ತರಾ ಗಾಳಿಯೊಳಗ,
ಗಿರಾಕಿ ಬಾಯೊಳಗ ಅರ್ಧ ಮಾತು.
ಕಡೀ ಡಬ್ಬಿ ಹೋದ ಮ್ಯಾಲ
ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ.

ಆ ಮಂಗಳವಾರ ಅವ ಕತ್ತು ಹಿಂದಕ್ಕ ಚೆಲ್ಲಿ ಕಣ್ಣು ಮುಚ್ಚಿದ.
ಗಂಟಲಿನ ಗಂಟು ಏರಿ ಇಳೀತು, ಒಮ್ಮೆ.
ಅಂಜಿಕಿ ಅವಗೂ ಅದ ಅಂತ ಆಗ ತಿಳೀತು.
ಹೆಬ್ಬಟ್ಟಿನಿಂದ ತೊಗಲು ಜಗ್ಗಿದೆ.
ಉಸ್ತರಾ ಮಲಗಿಸಿದೆ, ಬೆನ್ನು ಚೂರು ಎತ್ತಿ,
ಕೆಳಗ ಒಂದು ಜ್ವಾಳದ ಕಾಳು ಹಿಡಿಯೂವಷ್ಟು.
ಕೇಳಿಸ್ತು:
ಒಣಗಿದ ದಂಟಿನೊಳಗ ಇಲಿ ನಡದಂಗ
ಕೂದಲು ಹೋಗೂ ಸಪ್ಪಳ.
ಆ ಸಪ್ಪಳಕ್ಕ ಮರುಳಾಗಿ ನಾ ನೀರು ನೋಡಲಿಲ್ಲ.

ಎಡ ದವಡಿ ಕೆಳಗ, ಅಕ್ಕಿಕಾಳಿನಷ್ಟು.
ಪಟಿಕದ ಹರಳು ಒತ್ತಿ ಹಿಡದೆ, ಕೈ ನಡುಗತಿತ್ತು,
ಗೂಡ್ಸ್ ಯಾವಾಗೋ ಹೋಗಿತ್ತು.
ಅವ ಕಣ್ಣು ತೆರೀಲಿಲ್ಲ.
"ಇನ್ನೂ ಬಲಗಲ್ಲ ಅದ," ಅಂದ.

ಮುಂದ ಯಾರು ಕೇಳಿದ್ರೂ ಗದ್ದ ಎತ್ತಿ ತೋರಸತಿದ್ದ:
"ಸಾಯಬಣ್ಣ ಸಹಿ ಹಾಕ್ಯಾನ, ಓದಲಿಕ್ಕೆ ಬರತದೇನು?"

ಈಗ ಶಹಾಪುರದಾಗ ನನ್ನ ಅಂಗಡಿ.
ಅರ್ಧ ಬ್ಲೇಡು, ಒಬ್ಬಗ ಒಂದು,
ಮುಗದ ಮ್ಯಾಲ ಡಬ್ಬಿಗೆ.
ಚಂದಾಸಾಬ್ ಕೊಟ್ಟ ಉಸ್ತರಾ
ಕೊಬ್ರಿ ಎಣ್ಣಿ ಅರಿವಿಯೊಳಗ ಮಲಗ್ಯಾದ,
ಮಂಗಳವಾರ ಅಷ್ಟೇ ಏಳತದ, ನನ್ನ ಮುಖಕ್ಕ.
ಕನ್ನಡಿಯೊಳಗ ಎಡ ಯಾವುದು ಬಲ ಯಾವುದು,
ಇಪ್ಪತ್ತೈದು ವರ್ಷ ಮಂದಿ ಗಡ್ಡ ತೆಗದವಗ
ತನ್ನ ಗಡ್ಡ ಇನ್ನೂ ಪೂರಾ ಬಂದಿಲ್ಲ.

ಬಾಗಲಾ ತೆಗದ್ರ ಎದುರಿಗೆ ಗುಡ್ಡ.
ಬುದ್ಧ ಮಲಗ್ಯಾನ ಅಂತಾರ ಮಂದಿ.
ನನಗ ಕಾಣೂದು, ಕತ್ತು ಚೆಲ್ಲಿ ಗದ್ದ ಮ್ಯಾಲ ಮಾಡಿ
ಪಾಳಿ ಕಾಯಲಿಕತ್ತವ.
ಈ ಊರಿಗೆ ಹಳಿ ಇಲ್ಲ.
ಆದ್ರೂ ಹತ್ತಿ ಲಾರಿ ಹೋದಾಗ
ಬಟ್ಟಲದಾಗಿನ ನೀರು ಸಣ್ಣ ಗೆರಿ ಬಿಡತದ,
ನಾ ಕೇಳೂಕಿಂತ ಮೊದಲೇ ನನ್ನ ಕೈ ಏಳತದ.

ಗಿರಾಕಿ ಒಂದು ಕಣ್ಣು ತೆರದು, "ಯಾಕ್ರಿ, ಏನಾಯ್ತು?"
"ಏನಿಲ್ಲ," ಅಂತೀನಿ.
"ಹೋಗ್ಲಿ."